ಒಂದೇ ಗೆರೆಯಿಂದ ಹೊರಟ ಪೋಲೆಂಡ್, ಉಕ್ರೇನ್: ದಾರಿ ಬೇರೆಯಾದದ್ದು ಎಲ್ಲಿ?

2025ರ ಜುಲೈ 22ರಂದು ಉಕ್ರೇನಿನ ಸಂಸತ್ತು ಒಂದು ಕಾನೂನು ಪಾಸು ಮಾಡಿತು. ಅಲ್ಲಿ ದೊಡ್ಡವರ ಭ್ರಷ್ಟಾಚಾರವನ್ನು ತನಿಖೆ ಮಾಡುವ ಕಚೇರಿಗೆ ನಾಬು ಎಂದು ಹೆಸರು. ಆ ಕೇಸುಗಳನ್ನು ಕೋರ್ಟಿನಲ್ಲಿ ನಡೆಸುವ ಕಚೇರಿಗೆ ಸಾಪೋ ಎಂದು ಹೆಸರು. ಈ ಎರಡನ್ನೂ ಪ್ರಾಸಿಕ್ಯೂಟರ್ ಜನರಲ್, ಅಂದರೆ ಸರ್ಕಾರದ ಪರವಾಗಿ ಕೇಸು ನಡೆಸುವವರ ಮುಖ್ಯಸ್ಥರ ಕೈಕೆಳಗೆ ತರುವ ಕಾನೂನು ಅದು. ಪ್ರಾಸಿಕ್ಯೂಟರ್ ಜನರಲ್ ಅವರನ್ನು ನೇಮಿಸುವುದು ದೇಶದ ಅಧ್ಯಕ್ಷರು. ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಅದೇ ದಿನ ಸಹಿ ಹಾಕಿದರು.

ಅದೇ ರಾತ್ರಿ ರಾಜಧಾನಿ ಕೀವ್‌ನಲ್ಲಿ ಯುವಜನ ರಟ್ಟಿನ ಫಲಕ ಹಿಡಿದು ಬೀದಿಗೆ ಬಂದರು. ಲ್ವಿವ್, ಒಡೆಸಾ, ದ್ನಿಪ್ರೊದಲ್ಲೂ ಬಂದರು. ರಷ್ಯಾದ ಡ್ರೋನುಗಳು ಬಂದು ಬೀಳುತ್ತಿದ್ದ ದಿನಗಳವು. ಆದರೂ ಜನ ಮನೆಗೆ ಹೋಗಲಿಲ್ಲ. ಜುಲೈ 31ರಂದು ಸಂಸತ್ತು ಇನ್ನೊಂದು ಕಾನೂನು ತಂದು ಎರಡೂ ಕಚೇರಿಗಳ ಸ್ವಾತಂತ್ರ್ಯವನ್ನು ಹಿಂದಿರುಗಿಸಿತು. ಪರವಾಗಿ 331 ಮತ ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ.

ಯುದ್ಧದ ನಡುವೆ ಒಂದು ಸರ್ಕಾರಿ ಕಚೇರಿ ಯಾರ ಕೈಕೆಳಗಿರಬೇಕು ಎಂಬ ವಿಷಯಕ್ಕೆ ಜನ ಇಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ? ಇದು ಅರ್ಥವಾಗಬೇಕಾದರೆ 35 ವರ್ಷ ಹಿಂದಕ್ಕೆ ಹೋಗಬೇಕು. ಪಕ್ಕದ ಪೋಲೆಂಡನ್ನೂ ಜೊತೆಗಿಟ್ಟು ನೋಡಬೇಕು.

ಈ ಎರಡು ದೇಶಗಳು ನಮಗೆ ಪೂರ್ತಿ ದೂರದವೇನೂ ಅಲ್ಲ. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ನೂರಾರು ಮಕ್ಕಳು ಪೋಲೆಂಡ್, ಹಂಗೇರಿ, ರೊಮೇನಿಯಾ ಗಡಿಗಳನ್ನು ದಾಟಿ ಮನೆಗೆ ಬಂದರು. ಅದೇ ತಿಂಗಳುಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ನಾವು ಹೊರಗಿನಿಂದ ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ದೊಡ್ಡ ಪಾಲು ಉಕ್ರೇನಿನದೇ ಆಗಿತ್ತು.

1990ರಲ್ಲಿ ಇಬ್ಬರ ತಲಾ ಆದಾಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಕೆಲವು ಲೆಕ್ಕಗಳಲ್ಲಿ ಉಕ್ರೇನೇ ಸ್ವಲ್ಪ ಮುಂದಿತ್ತು. 2021ರ ಹೊತ್ತಿಗೆ, ಅಂದರೆ ದೊಡ್ಡ ಯುದ್ಧ ಶುರುವಾಗುವ ಮೊದಲೇ, ಡಾಲರ್ ಲೆಕ್ಕದಲ್ಲಿ ಪೋಲೆಂಡಿನ ತಲಾ ಆದಾಯ ಉಕ್ರೇನಿನ ಮೂರು ಪಟ್ಟಿಗೂ ಜಾಸ್ತಿಯಾಗಿತ್ತು. ಒಂದೇ ಕಾಲ, ಅಕ್ಕಪಕ್ಕದ ನೆಲ, ಒಂದೇ ತರಹದ ಹಳೆಯ ವ್ಯವಸ್ಥೆ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

## ಹಳೆಯ ವ್ಯವಸ್ಥೆ ಹೇಗಿತ್ತು

ಎರಡೂ ಕಡೆ ಕಮ್ಯುನಿಸ್ಟ್ ಆಡಳಿತವಿತ್ತು. ಉಕ್ರೇನ್ ಸೋವಿಯತ್ ಒಕ್ಕೂಟದ ಒಂದು ಭಾಗ. ಪೋಲೆಂಡ್ ಬೇರೆ ದೇಶವೇ ಆದರೂ ಸೋವಿಯತ್ ಹಿಡಿತದಲ್ಲಿತ್ತು. ಕಾರ್ಖಾನೆ, ಬ್ಯಾಂಕು, ದೊಡ್ಡ ಅಂಗಡಿ ಎಲ್ಲವೂ ಸರ್ಕಾರದ್ದೇ. ಯಾವ ಕಾರ್ಖಾನೆ ಎಷ್ಟು ಉಕ್ಕು ಮಾಡಬೇಕು, ಅದನ್ನು ಯಾರಿಗೆ ಕೊಡಬೇಕು, ಎಷ್ಟು ಬೆಲೆಗೆ ಕೊಡಬೇಕು ಎಂಬುದನ್ನು ಯೋಜನಾ ಇಲಾಖೆ ಬರೆದುಕೊಡುತ್ತಿತ್ತು. ಇದನ್ನೇ ಯೋಜಿತ ಅರ್ಥವ್ಯವಸ್ಥೆ ಅನ್ನುತ್ತಾರೆ.

ಇಲ್ಲಿ ಬೆಲೆ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಏರಿದರೆ ಮುಂದಿನ ಬೆಳೆಗೆ ರೈತ ಅದನ್ನೇ ಜಾಸ್ತಿ ಹಾಕುತ್ತಾನೆ. ಯೋಜಿತ ವ್ಯವಸ್ಥೆಯಲ್ಲಿ ಸರಕು ಎಷ್ಟೇ ಕಡಿಮೆಯಾದರೂ ಬೆಲೆ ಕದಲುವುದಿಲ್ಲ. ಬೆಲೆಯ ಬದಲು ಸಾಲು ಉದ್ದವಾಗುತ್ತದೆ. ಅಂಗಡಿ ಖಾಲಿ, ಜನರ ಕೈಯಲ್ಲಿ ಮಾತ್ರ ನೋಟು. 1989ರಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾ ಹಾಗೇ ಇತ್ತು.

ಇಂಥ ವ್ಯವಸ್ಥೆಯಿಂದ ಮಾರುಕಟ್ಟೆಯ ಕಡೆಗೆ ಹೊರಟ ದೇಶಗಳನ್ನು ಅರ್ಥಶಾಸ್ತ್ರಜ್ಞರು ಸಂಕ್ರಮಣ ಅರ್ಥವ್ಯವಸ್ಥೆಗಳು ಎಂದು ಕರೆಯುತ್ತಾರೆ. ಪೂರ್ವ ಯುರೋಪಿನ ದೇಶಗಳು ಮತ್ತು ಸೋವಿಯತ್ ಒಕ್ಕೂಟ ಒಡೆದು ಆದ 15 ದೇಶಗಳು ಈ ಗುಂಪಿನಲ್ಲಿವೆ. ಚೀನಾ, ವಿಯೆಟ್ನಾಂ ಕೂಡ ಈ ಮಾತಿನಲ್ಲಿ ಬರುತ್ತವೆ. ಅವುಗಳ ದಾರಿಯೇ ಬೇರೆ, ಇಲ್ಲಿ ಬೇಡ.

## ‘ಸಂಸ್ಥೆ’ ಅಂದರೆ ಏನು

ಈ ವಿಷಯದ ಬರಹಗಳಲ್ಲಿ ‘ಸಂಸ್ಥೆಗಳನ್ನು ಕಟ್ಟಬೇಕು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಲು ಅದು ಗಾಳಿಯಲ್ಲಿ ತೇಲುವ ಮಾತಿನ ಹಾಗಿದೆ. ನೀವೊಂದು ಸೈಟು ಕೊಳ್ಳಲು ಹೊರಟಿದ್ದೀರಿ ಎಂದುಕೊಳ್ಳಿ, ಆಗ ಅದು ನೆಲಕ್ಕೆ ಇಳಿಯುತ್ತದೆ.

ಮಾರುವವರು ಬೆಲೆ ಹೇಳಿದರು, ನೀವು ಒಪ್ಪಿದಿರಿ. ಅಷ್ಟಕ್ಕೇ ದುಡ್ಡು ಕೊಡುತ್ತೀರಾ? ಇಲ್ಲ ಅಲ್ವಾ. ಮೊದಲು ಖಾತೆ ಯಾರ ಹೆಸರಿನಲ್ಲಿದೆ ನೋಡುತ್ತೀರಿ. ಸೈಟಿನ ಮೇಲೆ ಸಾಲ ಇದೆಯೇ ಎಂದು ಇ.ಸಿ. ತೆಗೆಸುತ್ತೀರಿ. ಬ್ಯಾಂಕಿನವರು ವಕೀಲರಿಂದ ಕಾಗದ ಓದಿಸುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. ನಾಳೆ ಅಣ್ಣತಮ್ಮಂದಿರು ತಕರಾರು ತೆಗೆದರೆ ಕೋರ್ಟಿದೆ. ಈ ಕಚೇರಿಗಳಲ್ಲಿ ತೊಂದರೆ ಇಲ್ಲ ಎಂದು ಯಾರೂ ಹೇಳಲಾರರು. ಆದರೂ ಅವು ಇರುವುದರಿಂದಲೇ ಗುರುತಿಲ್ಲದ ಇಬ್ಬರು ಲಕ್ಷಾಂತರ ರೂಪಾಯಿಯ ವ್ಯವಹಾರ ಮಾಡಬಹುದು. ಅವೆಲ್ಲ ಒಂದು ಬೆಳಗ್ಗೆ ಇಲ್ಲವಾದರೆ ಸೈಟು ಯಾರದು? ಆ ಬೀದಿಯಲ್ಲಿ ಯಾರ ಕೈ ಮೇಲಾಗುತ್ತದೋ ಅವರದು.

1990ರ ಸುಮಾರಿಗೆ ಈ ದೇಶಗಳಲ್ಲಿ ಇಂಥ ಎಷ್ಟೋ ಕಚೇರಿಗಳು ಇರಲೇ ಇಲ್ಲ. ಬೇಕಾಗಿಯೂ ಇರಲಿಲ್ಲ. ಎಲ್ಲ ಕಾರ್ಖಾನೆಗೂ ಸರ್ಕಾರವೇ ಯಜಮಾನ ಆಗಿರುವಾಗ ದಿವಾಳಿ ಕಾನೂನು ಯಾರಿಗೆ ಬೇಕು? ಎಲ್ಲ ಬ್ಯಾಂಕೂ ಸರ್ಕಾರದ್ದೇ ಆಗಿರುವಾಗ ಬ್ಯಾಂಕುಗಳ ಮೇಲೆ ಕಣ್ಣಿಡುವವರು ಯಾಕೆ ಬೇಕು? ತೆರಿಗೆ ಕೂಡ ಒಂದು ಸರ್ಕಾರಿ ಖಾತೆಯಿಂದ ಇನ್ನೊಂದು ಸರ್ಕಾರಿ ಖಾತೆಗೆ ಹಣ ಹಾಕುವ ಕೆಲಸವಾಗಿತ್ತು.

ಬೆಲೆಯ ಮೇಲಿನ ಹಿಡಿತವನ್ನು ಒಂದು ಆದೇಶದಿಂದ ಬಿಡಬಹುದು. ರಾತ್ರಿ ಸಹಿ ಹಾಕಿದರೆ ಬೆಳಗ್ಗೆ ಜಾರಿ. ನ್ಯಾಯಾಧೀಶರನ್ನು, ಬ್ಯಾಂಕ್ ತಪಾಸಿಗರನ್ನು, ಲೆಕ್ಕ ಪರಿಶೋಧಕರನ್ನು ತಯಾರು ಮಾಡಲು ವರ್ಷಗಳು ಬೇಕು. ಎಲ್ಲ ಸಂಕ್ರಮಣ ದೇಶಗಳಲ್ಲೂ ಬೆಲೆ ಬಿಟ್ಟ ದಿನಕ್ಕೂ ಕಚೇರಿ ಎದ್ದು ನಿಂತ ದಿನಕ್ಕೂ ನಡುವೆ ಒಂದು ಖಾಲಿ ಕಾಲ ಇತ್ತು. ಆ ಕಾಲ ಎಷ್ಟು ಉದ್ದವಾಗಿತ್ತು, ಆಗ ದುಡ್ಡು ಮಾಡಿಕೊಂಡವರು ಯಾರು, ಅವರು ಮುಂದೆ ಏನು ಮಾಡಿದರು ಎಂಬುದರ ಮೇಲೆ ದೇಶಗಳ ದಾರಿ ನಿಂತಿತು.

## 1990ರ ಜನವರಿ 1, ವಾರ್ಸಾ

1989ರ ಜೂನ್ 4ರ ಚುನಾವಣೆಯಲ್ಲಿ ಸಾಲಿಡಾರಿಟಿ ಎಂಬ ಕಾರ್ಮಿಕ ಚಳವಳಿ ಪೋಲೆಂಡಿನ ಕಮ್ಯುನಿಸ್ಟರನ್ನು ಸೋಲಿಸಿತು. ತಾದೆವುಶ್ ಮಾಜೊವಿಯೆಟ್‌ಸ್ಕಿ ಪ್ರಧಾನಿಯಾದರು. ಹಣಕಾಸು ಖಾತೆ ಅರ್ಥಶಾಸ್ತ್ರದ ಮೇಷ್ಟ್ರು ಲೆಷೆಕ್ ಬಾಲ್ತ್ಸೆರೊವಿಚ್ ಅವರಿಗೆ ಬಂತು. ಅವರು ಕೈಗೆತ್ತಿಕೊಂಡ ದೇಶದ ಸ್ಥಿತಿ ಹೀಗಿತ್ತು: ಅಕ್ಟೋಬರ್ 1989ರಲ್ಲಿ ಬೆಲೆಗಳು ಒಂದೇ ತಿಂಗಳಲ್ಲಿ ಸುಮಾರು 55% ಏರಿದ್ದವು. ಮೇಲಿಂದ ದೊಡ್ಡ ವಿದೇಶಿ ಸಾಲ.

1990ರ ಜನವರಿ 1ರಿಂದ ಅವರ ಯೋಜನೆ ಜಾರಿಗೆ ಬಂತು. ಬಹುತೇಕ ಎಲ್ಲ ಸರಕುಗಳ ಬೆಲೆ ಮುಕ್ತವಾಯಿತು. ಒಂದು ಡಾಲರಿಗೆ 9,500 ಝ್ಲೋಟಿ ಎಂದು ದರ ಕಟ್ಟಿದರು. ಆಮದಿಗೆ ಬಾಗಿಲು ತೆರೆದರು. ಸರ್ಕಾರಿ ಕಾರ್ಖಾನೆಗಳಿಗೆ ಸಿಗುತ್ತಿದ್ದ ಸಹಾಯಧನ ಕಡಿತವಾಯಿತು. ಆ ಕಾರ್ಖಾನೆಗಳು ಸಂಬಳವನ್ನು ಮಿತಿಮೀರಿ ಏರಿಸಿದರೆ ಭಾರಿ ತೆರಿಗೆ. ಜನ ಇದನ್ನು ಪೋಪಿವೆಕ್ ಎಂದು ಕರೆದು ಶಪಿಸಿದರು.

ಜನವರಿಯಲ್ಲಿ ಬೆಲೆ ಸುಮಾರು 80% ಏರಿತು. ಕೈಯಲ್ಲಿದ್ದ ಉಳಿತಾಯ ಕರಗಿಹೋಯಿತು. ಆದರೆ ಫೆಬ್ರವರಿಯಲ್ಲಿ ಏರಿಕೆ 24%ಕ್ಕೆ, ಮಾರ್ಚ್‌ನಲ್ಲಿ 4%ರ ಸುತ್ತಮುತ್ತಲಿಗೆ ಇಳಿಯಿತು. ಅಂಗಡಿಗಳಲ್ಲಿ ಸರಕು ಕಾಣಿಸಿಕೊಂಡಿತು. ವಾರ್ಸಾದ ಬೀದಿಗಳಲ್ಲಿ ಜನ ಮಡಚುವ ಮಂಚ ಹಾಕಿ ಅದರ ಮೇಲೆ ಮಾಂಸ, ಬೂಟು, ಸೋಪು ಇಟ್ಟು ಮಾರತೊಡಗಿದರು. ಇವರಿಗೆ ಈ ಅವಕಾಶ ಕೊಟ್ಟದ್ದು 1988ರ ಡಿಸೆಂಬರಿನ ಒಂದು ಕಾನೂನು. ಕೊನೆಯ ಕಮ್ಯುನಿಸ್ಟ್ ಸರ್ಕಾರದ ಮಂತ್ರಿ ಮಿಯೆಚಿಸ್ವಾವ್ ವಿಲ್‌ಚೆಕ್ ತಂದ ಆ ಕಾನೂನಿನ ಪ್ರಕಾರ ನಿಷೇಧ ಇಲ್ಲದ ಯಾವ ವ್ಯಾಪಾರವನ್ನು ಯಾರು ಬೇಕಾದರೂ ಶುರು ಮಾಡಬಹುದಿತ್ತು.

ನೋವೂ ಇತ್ತು, ಬಹಳ ಇತ್ತು. ಎರಡು ವರ್ಷಗಳಲ್ಲಿ ಉತ್ಪಾದನೆ ಸುಮಾರು ಆರನೇ ಒಂದು ಭಾಗ ಕುಸಿಯಿತು. ನಿರುದ್ಯೋಗವೆಂದರೆ ಏನೆಂದೇ ತಿಳಿಯದ ದೇಶದಲ್ಲಿ 1993ರ ಕೊನೆಗೆ 16%ಕ್ಕೂ ಜಾಸ್ತಿ ಜನಕ್ಕೆ ಕೆಲಸ ಇರಲಿಲ್ಲ. ಉತ್ತರ ಮತ್ತು ಪಶ್ಚಿಮದ ಹಳ್ಳಿಗಳಲ್ಲಿ ಸರ್ಕಾರಿ ಕೃಷಿ ಫಾರ್ಮುಗಳು ಮುಚ್ಚಿದವು. ಅಲ್ಲಿನ ಕೂಲಿ ಕುಟುಂಬಗಳಿಗೆ ಕೆಲಸ, ಅಂಗಡಿ, ಶಿಶುವಿಹಾರ ಎಲ್ಲವೂ ಆ ಫಾರ್ಮಿನ ಜೊತೆಗೇ ಹೋದವು. ಪೋಲೆಂಡಿನ ಯಶಸ್ಸಿನ ಕತೆ ಹೇಳುವವರು ಈ ಹಳ್ಳಿಗಳನ್ನು ಬಿಟ್ಟು ಹೇಳಿದರೆ ಅದು ಅರ್ಧ ಕತೆ. 1992ರಿಂದ ಆರ್ಥಿಕತೆ ಮತ್ತೆ ಬೆಳೆಯತೊಡಗಿತು. ಬೇರೆ ಸಂಕ್ರಮಣ ದೇಶಗಳಿಗಿಂತ ಅದು ಬೇಗ. ಆ ಮೇಲೆ 2020ರ ಕೋವಿಡ್ ತನಕ ಪೋಲೆಂಡ್ ಒಂದು ವರ್ಷವೂ ಹಿಂದೆ ಸರಿಯಲಿಲ್ಲ.

## ಕಾರ್ಖಾನೆಯ ನಷ್ಟ ಯಾರ ತಲೆಗೆ?

ಸುಧಾರಣೆಯ ಚರ್ಚೆಗಳಲ್ಲಿ ಬೆಲೆ, ಖಾಸಗೀಕರಣದ ಮಾತೇ ಜಾಸ್ತಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಅದನ್ನು ‘ಮೃದು ಬಜೆಟ್’ ಎಂದು ಗುರುತಿಸಿದರು.

ಯೋಜಿತ ವ್ಯವಸ್ಥೆಯಲ್ಲಿ ಕಾರ್ಖಾನೆ ನಷ್ಟ ಮಾಡಿದರೂ ಮುಚ್ಚುವುದಿಲ್ಲ. ಸರ್ಕಾರ ಸಹಾಯಧನ ಕೊಡುತ್ತದೆ, ಇಲ್ಲವೇ ಸರ್ಕಾರಿ ಬ್ಯಾಂಕು ಹಿಂದೆ ಬಾರದ ಸಾಲ ಕೊಡುತ್ತದೆ. ಇದು ಗೊತ್ತಿರುವ ಮ್ಯಾನೇಜರು ಖರ್ಚು ಕಡಿಮೆ ಮಾಡಲು ಯಾಕೆ ಕಷ್ಟಪಡುತ್ತಾನೆ? ಮಂತ್ರಿಯ ಬಾಗಿಲು ಕಾಯುವುದೇ ಅವನಿಗೆ ಲಾಭ. ಇಂಥ ಕಾರ್ಖಾನೆಯನ್ನು ಸುಮ್ನೆ ಖಾಸಗಿಯವರಿಗೆ ಮಾರಿದರೂ ಏನೂ ಬದಲಾಗುವುದಿಲ್ಲ. ಹೊಸ ಯಜಮಾನನೂ ಅದೇ ಬಾಗಿಲು ಕಾಯುತ್ತಾನೆ.

ಪೋಲೆಂಡ್ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಅದೇ ಹೊತ್ತಿಗೆ ದೊಡ್ಡ ಕಾರ್ಖಾನೆಗಳನ್ನು ಮಾರುವ ವಿಷಯದಲ್ಲಿ ಅದು ಆತುರ ಮಾಡಲಿಲ್ಲ. ಸಣ್ಣ ಅಂಗಡಿಗಳು ಬೇಗ ಖಾಸಗಿಯವರ ಕೈ ಸೇರಿದವು. ದೊಡ್ಡವುಗಳಲ್ಲಿ ಎಷ್ಟೋ ವರ್ಷಗಟ್ಟಲೆ ಸರ್ಕಾರದ ಕೈಯಲ್ಲೇ ಉಳಿದವು. 512 ಕಂಪನಿಗಳ ಸಾಮೂಹಿಕ ಖಾಸಗೀಕರಣ ನಡೆದದ್ದು 1995ರಲ್ಲಿ. ಆಗಿನ ಟೀಕಾಕಾರರು ಇದನ್ನು ನಿಧಾನ ಎಂದು ಬೈದರು. ಆದರೆ ಆ ತಡದಿಂದ ಒಂದು ಉಪಯೋಗವಾಯಿತು. ಕಾನೂನು, ಷೇರುಪೇಟೆ, ಲೆಕ್ಕಪತ್ರದ ನಿಯಮ ಇವೆಲ್ಲ ಎದ್ದು ನಿಲ್ಲುವ ತನಕ ದೊಡ್ಡ ಆಸ್ತಿಗಳು ಕೆಲವರ ಕೈಗೆ ಚಿಲ್ಲರೆ ಬೆಲೆಗೆ ಹೋಗಲಿಲ್ಲ.

ವಾರ್ಸಾ ಷೇರುಪೇಟೆಯ ಮೊದಲ ವಹಿವಾಟು 1991ರ ಏಪ್ರಿಲ್ 16ರಂದು, 5 ಕಂಪನಿಗಳೊಂದಿಗೆ ನಡೆಯಿತು. ನಡೆದದ್ದು ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿಯ ಕಟ್ಟಡದಲ್ಲಿ.

## ಉಕ್ರೇನ್: ಅರ್ಧ ತೆರೆದ ಬಾಗಿಲು

ಉಕ್ರೇನಿಗೆ ಶುರುವಿನಲ್ಲೇ ಇನ್ನೂ ಒಂದು ಹೊರೆ ಇತ್ತು. ಅದು ಮೊದಲು ದೇಶವಾಗಬೇಕಿತ್ತು. 1991ರ ಡಿಸೆಂಬರ್ 1ರ ಜನಮತದಲ್ಲಿ 90%ಕ್ಕೂ ಜಾಸ್ತಿ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಮರುದಿನ ನೋಡಿದರೆ ಸ್ವಂತ ಕರೆನ್ಸಿ ಇಲ್ಲ, ಕಸ್ಟಮ್ಸ್ ಇಲ್ಲ. ಕೇಂದ್ರ ಬ್ಯಾಂಕ್ ಅನ್ನುವುದು ಮಾಸ್ಕೋದ ಸರ್ಕಾರಿ ಬ್ಯಾಂಕಿನ ಕೀವ್ ಶಾಖೆಗೆ ಹಾಕಿದ ಹೊಸ ಬೋರ್ಡು. ಕಾರ್ಖಾನೆಗಳ ಗಿರಾಕಿಗಳೂ ಕಚ್ಚಾವಸ್ತು ಕೊಡುವವರೂ ಈಗ ಬೇರೆ ಬೇರೆ ದೇಶಗಳಲ್ಲಿದ್ದರು. ಪೋಲೆಂಡಿಗೆ ಇವೆಲ್ಲ ಮೊದಲೇ ಇದ್ದವು. ಈ ಅಂತರವನ್ನು ಬಿಟ್ಟು ಇಬ್ಬರನ್ನು ತೂಗುವುದು ಸರಿಯಲ್ಲ.

ಆದರೆ ಎಲ್ಲದಕ್ಕೂ ಅದೇ ಕಾರಣವಲ್ಲ. ಉಕ್ರೇನಿನಲ್ಲಿ ಸುಧಾರಣೆ ಅರ್ಧಕ್ಕೆ ನಿಂತಿತು. ಕೆಲವು ಬೆಲೆ ಮುಕ್ತ, ಕೆಲವು ಸರ್ಕಾರದ ಹಿಡಿತದಲ್ಲಿ. ಕೆಲವರಿಗೆ ರಫ್ತಿನ ಪರವಾನಗಿ ಉಂಟು, ಉಳಿದವರಿಗೆ ಇಲ್ಲ. ಇಂಥ ಅರ್ಧ ಸ್ಥಿತಿ ಕೆಲವರಿಗೆ ಚಿನ್ನದ ಗಣಿಯಾಯಿತು.

ಹೇಗೆ? ಲೋಹವನ್ನು ಸರ್ಕಾರ ಕಟ್ಟಿದ ಕಡಿಮೆ ಬೆಲೆಗೆ ದೇಶದೊಳಗೆ ಕೊಳ್ಳುವುದು, ಪರವಾನಗಿ ಹಿಡಿದು ಹೊರದೇಶದಲ್ಲಿ ಪ್ರಪಂಚದ ಬೆಲೆಗೆ ಮಾರುವುದು. ಮಧ್ಯದ ಲಾಭ ನಿಮ್ಮದು. ಏನನ್ನೂ ಹೊಸದಾಗಿ ತಯಾರಿಸಬೇಕಿಲ್ಲ. ಸಾಲದ ದಾರಿ ಇದಕ್ಕಿಂತ ಸುಲಭ. ಆಯ್ದ ಕಂಪನಿಗಳಿಗೆ ಅಗ್ಗದ ಬಡ್ಡಿಗೆ ಸಾಲ ಸಿಗುತ್ತಿತ್ತು. 1993ರಲ್ಲಿ ಉಕ್ರೇನಿನ ಹಣದುಬ್ಬರ 10,000% ದಾಟಿತು. ಅಂದರೆ ವರ್ಷದ ಶುರುವಿನಲ್ಲಿ 1 ರೂಪಾಯಿಯ ವಸ್ತು ಕೊನೆಗೆ 100 ರೂಪಾಯಿಗೂ ಮೇಲೆ. ಅಂಥ ವರ್ಷದಲ್ಲಿ 100 ರೂಪಾಯಿ ಸಾಲ ತಂದು ಸರಕು ಕೊಂಡಿಟ್ಟವನ ಕೈಗೆ ವರ್ಷದ ಕೊನೆಗೆ 10,000 ರೂಪಾಯಿ ಬರುತ್ತದೆ. ಬಡ್ಡಿ ಸೇರಿಸಿ ತೀರಿಸಿದರೂ ಸಾಲ ಅವನಿಗೆ ಲೆಕ್ಕಕ್ಕೇ ಇಲ್ಲ. ಅವನ ಲಾಭ ಎಲ್ಲಿಂದ ಬಂತು? ಬ್ಯಾಂಕಿನಲ್ಲಿ ಪಿಂಚಣಿ ಇಟ್ಟಿದ್ದ ಮುದುಕಿಯ ಉಳಿತಾಯದಿಂದ ಬಂತು.

ಮೂರನೆಯದು ಗ್ಯಾಸು. ಮನೆಬಳಕೆಯ ಗ್ಯಾಸಿಗೆ ಒಂದು ದರ, ಕಾರ್ಖಾನೆಗೆ ಬಹಳ ಜಾಸ್ತಿ ದರ. ಬಡವರಿಗೆ ಸಹಾಯ ಅನ್ನುವ ಒಳ್ಳೆಯ ಹೆಸರಿನಲ್ಲಿ ಇದು ನಡೆಯಿತು. ಮನೆಗಳ ಲೆಕ್ಕದಲ್ಲಿ ಅಗ್ಗಕ್ಕೆ ಪಡೆದ ಗ್ಯಾಸನ್ನು ಕಾರ್ಖಾನೆಗಳಿಗೆ ತಿರುಗಿಸಿದರೆ ಕೂತಲ್ಲೇ ಹಣ. ಈ ವ್ಯತ್ಯಾಸ ತುಂಬಲು ಸರ್ಕಾರಿ ಗ್ಯಾಸ್ ಕಂಪನಿ ನಾಫ್ಟೊಗಾಜ್‌ಗೆ ಬೊಕ್ಕಸದಿಂದ ಸುರಿಯುತ್ತಲೇ ಇರಬೇಕಾಯಿತು. 2014ರಲ್ಲಿ ಆ ಒಂದು ಕಂಪನಿಯ ಕೊರತೆಯೇ ದೇಶದ ಒಟ್ಟು ಆದಾಯದ 5%ಕ್ಕೂ ಜಾಸ್ತಿ ಇತ್ತು.

ಹೀಗೆ ದುಡ್ಡು ಮಾಡಿದವರಿಗೆ ಹಳೆಯ ವ್ಯವಸ್ಥೆ ಬೇಡ. ಪೂರ್ತಿ ಮುಕ್ತವಾದ, ಎಲ್ಲರಿಗೂ ಒಂದೇ ನಿಯಮವಿರುವ ಮಾರುಕಟ್ಟೆಯೂ ಬೇಡ. ಅವರಿಗೆ ಬೇಕಾದದ್ದು ಆ ಅರ್ಧ ಸ್ಥಿತಿ, ಅದು ಹಾಗೇ ಇರಲಿ ಎಂಬುದು. ಅದಕ್ಕಾಗಿ ಅವರು ಟಿವಿ ಚಾನೆಲ್ ಕೊಂಡರು, ಸಂಸತ್ತಿನಲ್ಲಿ ತಮ್ಮ ಸದಸ್ಯರನ್ನು ಇಟ್ಟುಕೊಂಡರು, ನ್ಯಾಯಾಧೀಶರ ಮೇಲೆ ಪ್ರಭಾವ ಬೀರಿದರು. ಇವರನ್ನೇ ಆಲಿಗಾರ್ಕ್‌ಗಳು ಅನ್ನುವುದು. ಸುಧಾರಣೆಯಿಂದ ಕಷ್ಟಕ್ಕೆ ಬಿದ್ದ ಕಾರ್ಮಿಕರು, ಪಿಂಚಣಿದಾರರು ಅದನ್ನು ತಡೆಯುತ್ತಾರೆ ಎಂದು 1990ರ ಸುಮಾರಿಗೆ ಎಲ್ಲರೂ ಹೆದರಿದ್ದರು. ಆದರೆ ನಿಜವಾಗಿ ತಡೆದವರು ಮೊದಲ ಸುತ್ತಿನಲ್ಲಿ ಗೆದ್ದವರು.

ಉಕ್ರೇನಿನ ಆರ್ಥಿಕತೆ 1999ರ ತನಕ ಪ್ರತಿ ವರ್ಷ ಕುಸಿಯಿತು. ಅಧಿಕೃತ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಉತ್ಪಾದನೆ ಹೋಯಿತು. ನಿಜವಾದ ಸ್ವಂತ ಕರೆನ್ಸಿ ಹ್ರಿವ್ನಿಯಾ ಬಂದದ್ದು 1996ರ ಸೆಪ್ಟೆಂಬರಿನಲ್ಲಿ. ಅಲ್ಲಿಯ ತನಕ ನಡೆದದ್ದು ಕೂಪನ್ ಎಂಬ ತಾತ್ಕಾಲಿಕ ಹಣ. 1,00,000 ಹಳೆಯ ಕೂಪನ್ನಿಗೆ 1 ಹ್ರಿವ್ನಿಯಾ.

## ಒಂದು ಉಕ್ಕಿನ ಕಾರ್ಖಾನೆ, ಎರಡು ಮಾರಾಟ

ಕಚೇರಿ ಸರಿ ಇಲ್ಲದಿದ್ದರೆ ದೇಶ ಕಳೆದುಕೊಳ್ಳುವುದು ಎಷ್ಟು? ಕ್ರಿವೊರಿಜ್‌ಸ್ತಾಲ್ ಕತೆಯಲ್ಲಿ ಅದಕ್ಕೆ ಅಂಕಿ ಸಿಗುತ್ತದೆ. ಕ್ರಿವಿ ರಿಹ್ ಎಂಬ ಊರಿನ ಈ ಉಕ್ಕಿನ ಕಾರ್ಖಾನೆ ದೇಶದಲ್ಲೇ ದೊಡ್ಡದು.

2004ರಲ್ಲಿ ಸರ್ಕಾರ ಇದನ್ನು ಮಾರಾಟಕ್ಕಿಟ್ಟಿತು. ಕೊಳ್ಳುವವರು ಉಕ್ರೇನಿನಲ್ಲೇ ಇಂತಿಷ್ಟು ಕೋಕ್ (ಉಕ್ಕಿನ ಕುಲುಮೆಗೆ ಹಾಕುವ, ಕಲ್ಲಿದ್ದಲಿನಿಂದ ಮಾಡಿದ ಇಂಧನ) ತಯಾರಿಸಿರಬೇಕು ಎಂಬ ಷರತ್ತು ಹಾಕಿದರು. ಅಲ್ಲಿಗೆ ವಿದೇಶಿ ಕಂಪನಿಗಳು ಹೊರಗೆ ಬಿದ್ದವು, ಅವು ಜಾಸ್ತಿ ಹಣ ಕೊಡಲು ತಯಾರಿದ್ದರೂ. ಕಾರ್ಖಾನೆ ಸುಮಾರು 80 ಕೋಟಿ ಡಾಲರಿಗೆ ಒಂದು ಒಕ್ಕೂಟದ ಪಾಲಾಯಿತು. ಆ ಒಕ್ಕೂಟದಲ್ಲಿದ್ದ ವಿಕ್ತೊರ್ ಪಿಂಚುಕ್ ಆಗಿನ ಅಧ್ಯಕ್ಷ ಲಿಯೊನಿದ್ ಕುಚ್ಮಾ ಅವರ ಅಳಿಯ.

ಅದೇ ವರ್ಷದ ಕೊನೆಗೆ ಚುನಾವಣಾ ಅಕ್ರಮದ ವಿರುದ್ಧ ಆರೆಂಜ್ ಕ್ರಾಂತಿ ನಡೆದು ಸರ್ಕಾರ ಬದಲಾಯಿತು. ಮಾರಾಟ ರದ್ದಾಯಿತು. 2005ರ ಅಕ್ಟೋಬರ್ 24ರಂದು ಮತ್ತೆ ಹರಾಜು ನಡೆಯಿತು, ಈ ಸಲ ಟಿವಿಯಲ್ಲಿ ನೇರ ಪ್ರಸಾರ. ನಮ್ಮ ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮಿ ಮಿತ್ತಲ್ ಅವರ ಮಿತ್ತಲ್ ಸ್ಟೀಲ್ ಸುಮಾರು 480 ಕೋಟಿ ಡಾಲರಿಗೆ ಕೂಗಿ ಗೆದ್ದಿತು. ಅದೇ ಕಾರ್ಖಾನೆ, ಅವೇ ಕುಲುಮೆಗಳು, ಆರು ಪಟ್ಟು ಬೆಲೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಸರ್ಕಾರ ಬದಲಾದಾಗ ಹಳೆಯ ಮಾರಾಟ ರದ್ದಾಗಬಹುದು ಎಂದಾದರೆ ನ್ಯಾಯವಾಗಿ ಕೊಂಡವನಿಗೂ ನಿದ್ದೆ ಬರುವುದಿಲ್ಲ. ಯಾವ ಮಾರಾಟ ಸರಿ, ಯಾವುದು ತಪ್ಪು ಎಂದು ಹೇಳಲು ಎಲ್ಲರೂ ನಂಬುವ ಕೋರ್ಟು ಬೇಕು. ಉಕ್ರೇನಿನಲ್ಲಿ ಕೊರತೆ ಇದ್ದದ್ದೇ ಅಲ್ಲಿ.

## ಪೋಲೆಂಡ್ ಯಾಕೆ ಅರ್ಧಕ್ಕೆ ನಿಲ್ಲಲಿಲ್ಲ

ಪೋಲರು ನಮಗಿಂತಲೋ ಉಕ್ರೇನಿಯರಿಗಿಂತಲೋ ಒಳ್ಳೆಯ ಜನ ಎಂಬುದೇನೂ ಕಾರಣವಲ್ಲ. ಅವರ ಕೈಯಲ್ಲಿ ಕೆಲವು ಹಳೆಯ ಸಾಮಾನುಗಳು ಉಳಿದಿದ್ದವು. 1934ರ ವಾಣಿಜ್ಯ ಸಂಹಿತೆಯನ್ನು ಕಮ್ಯುನಿಸ್ಟರು ಪೂರ್ತಿ ರದ್ದು ಮಾಡಿರಲಿಲ್ಲ. 1989ರ ನಂತರ ಅದನ್ನೇ ಧೂಳು ಕೊಡವಿ ತೆಗೆದು, ಕಂಪನಿ ನೋಂದಣಿಗೆ ಬಳಸಿದರು. ಹಾಗೆಯೇ ಕಮ್ಯುನಿಸ್ಟ್ ಕಾಲದಲ್ಲೂ ಸಾಗುವಳಿ ಭೂಮಿಯಲ್ಲಿ ಬಹುಪಾಲು ಸಣ್ಣ ರೈತರ ಕೈಯಲ್ಲೇ ಇತ್ತು. ಸ್ವಂತ ಆಸ್ತಿ ಅಂದರೇನು ಎಂದು ಅವರಿಗೆ ಹೊಸದಾಗಿ ಕಲಿಸಬೇಕಿರಲಿಲ್ಲ.

ಉಕ್ರೇನಿನಲ್ಲಿ ಭೂಮಿಯ ಕತೆ ಉಲ್ಟಾ. ಸಾಮೂಹಿಕ ಫಾರ್ಮುಗಳ ನೆಲವನ್ನು ಹಳ್ಳಿಯವರಿಗೆ ಹಂಚಿದರೂ, 2001ರಿಂದ ಅದನ್ನು ಮಾರುವುದಕ್ಕೆ ನಿಷೇಧವಿತ್ತು. ಪ್ರಪಂಚದ ಅತಿ ಫಲವತ್ತಾದ ಕರಿಮಣ್ಣಿನ ಒಡೆಯರು ಅದನ್ನು ಅಡವಿಟ್ಟು ಸಾಲ ತೆಗೆಯಲೂ ಆಗದೆ, ಕಡಿಮೆ ಗುತ್ತಿಗೆಗೆ ದೊಡ್ಡ ಕಂಪನಿಗಳಿಗೆ ಕೊಡುತ್ತಾ ಬಂದರು. ಆ ನಿಷೇಧ ತೆರವಾದದ್ದು 2021ರ ಜುಲೈ 1ರಂದು.

ಪೋಲೆಂಡಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. 1990ರ ಮೇ 27ರಂದು, ಅಂದರೆ ಬೆಲೆ ಮುಕ್ತವಾದ ಐದೇ ತಿಂಗಳಿಗೆ, ಸ್ಥಳೀಯ ಚುನಾವಣೆ ನಡೆಯಿತು. ಗ್ಮಿನಾ ಎಂದು ಕರೆಯುವ ಪುಟ್ಟ ಸ್ಥಳೀಯ ಸರ್ಕಾರಗಳಿಗೆ ಆಸ್ತಿಯೂ ಅಧಿಕಾರವೂ ಬಂದವು. ಊರಿನ ರಸ್ತೆ, ನೀರು, ಶಾಲೆಗೆ ಜನ ಊರಿನವರನ್ನೇ ಕೇಳುವಂತಾಯಿತು.

ಮತ್ತೆ ಯುರೋಪಿಯನ್ ಒಕ್ಕೂಟ. 1994ರಲ್ಲಿ ಪೋಲೆಂಡ್ ಸದಸ್ಯತ್ವಕ್ಕೆ ಅರ್ಜಿ ಹಾಕಿತು, 1998ರಲ್ಲಿ ಮಾತುಕತೆ ಶುರುವಾಯಿತು, 2004ರ ಮೇ 1ರಂದು ಸೇರಿತು. ಸೇರಬೇಕಾದರೆ ಬ್ಯಾಂಕ್ ಉಸ್ತುವಾರಿಯಿಂದ ಹಿಡಿದು ಹಾಲಿನ ಶುದ್ಧತೆಯ ತನಕ ಸಾವಿರಾರು ಪುಟಗಳ ನಿಯಮ ಪಾಲಿಸಬೇಕು. 1993ರಲ್ಲಿ ಹಳೆಯ ಕಮ್ಯುನಿಸ್ಟರ ಪಕ್ಷವೇ ಗೆದ್ದು ಸರ್ಕಾರ ಮಾಡಿತು. ಆದರೂ ದಾರಿ ಬದಲಾಗಲಿಲ್ಲ, ಏಕೆಂದರೆ ಎಲ್ಲ ಪಕ್ಷಗಳ ಗುರಿಯೂ ಅದೇ ಒಕ್ಕೂಟ. ಉಕ್ರೇನಿಗೆ ಆ ಕಾಲದಲ್ಲಿ ಇಂಥ ಆಹ್ವಾನವನ್ನು ಯಾರೂ ಕೊಡಲಿಲ್ಲ. ಪೋಲೆಂಡಿನ ವಿದೇಶಿ ಸಾಲದಲ್ಲಿ ಸರ್ಕಾರಗಳಿಗೆ ಕೊಡಬೇಕಿದ್ದುದರ ಅರ್ಧ 1991ರಲ್ಲಿ ಮನ್ನಾ ಆದದ್ದೂ ಸಣ್ಣ ಸಹಾಯವೇನಲ್ಲ.

## 2014ರ ನಂತರ ಉಕ್ರೇನ್ ಕಟ್ಟಿದ್ದು

2014ರ ಫೆಬ್ರವರಿಯಲ್ಲಿ ಮೈದಾನ್ ಚಳವಳಿ ಅಧ್ಯಕ್ಷ ವಿಕ್ತೊರ್ ಯಾನುಕೊವಿಚ್ ಅವರನ್ನು ಓಡಿಸಿತು. ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿತು, ದೇಶದ ಪೂರ್ವದ ದೊನ್‌ಬಾಸ್‌ನಲ್ಲಿ ಯುದ್ಧ ಹೊತ್ತಿತು. ಬೊಕ್ಕಸ ಖಾಲಿ. ಅಂಥ ಹೊತ್ತಿನಲ್ಲೇ ಆ ದೇಶ 20 ವರ್ಷಗಳಿಂದ ಬಾಕಿ ಇದ್ದ ಕೆಲಸ ಶುರು ಮಾಡಿತು. ಇದು ನನಗೆ ಇಡೀ ಕತೆಯಲ್ಲೇ ದೊಡ್ಡ ಸಂಗತಿ.

ಮೊದಲು ಗ್ಯಾಸಿನ ಎರಡು ದರ. 2016ರ ಹೊತ್ತಿಗೆ ಅದನ್ನು ಒಂದಕ್ಕೆ ತಂದರು. ಬಡ ಕುಟುಂಬಗಳಿಗೆ ಬಿಲ್ಲಿನಲ್ಲಿ ಬೇರೆಯಾಗಿ ಸಹಾಯ ಕೊಟ್ಟರು. ಜನ ಬೈದರು, ಆದರೆ ಮಧ್ಯದವರ ಒಂದು ದೊಡ್ಡ ಸಂಪಾದನೆ ನಿಂತಿತು.

ಆ ಮೇಲೆ ಬ್ಯಾಂಕುಗಳು. 2014ರಲ್ಲಿ ಇದ್ದ ಸುಮಾರು 180 ಬ್ಯಾಂಕುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಮುಂದಿನ ವರ್ಷಗಳಲ್ಲಿ ಕೇಂದ್ರ ಬ್ಯಾಂಕ್ ಮುಚ್ಚಿಸಿತು. ಅವುಗಳಲ್ಲಿ ಎಷ್ಟೋ ಹೆಸರಿಗೆ ಮಾತ್ರ ಬ್ಯಾಂಕುಗಳು. ಜನರ ಠೇವಣಿಯನ್ನು ಯಜಮಾನರ ಸ್ವಂತ ಕಂಪನಿಗಳಿಗೆ ಸಾಲವಾಗಿ ಸಾಗಿಸುವ ಕೊಳವೆಗಳು. 2016ರ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ಬ್ಯಾಂಕ್ ಪ್ರಿವತ್‌ಬ್ಯಾಂಕನ್ನು ಸರ್ಕಾರವೇ ವಹಿಸಿಕೊಂಡಿತು. ಅದರ ಲೆಕ್ಕದಲ್ಲಿ 500 ಕೋಟಿ ಡಾಲರಿಗೂ ದೊಡ್ಡ ಕಂದಕವಿದೆ, ಸಾಲಗಳಲ್ಲಿ ಬಹುಪಾಲು ಮಾಲೀಕರಿಗೆ ಸಂಬಂಧಿಸಿದ ಕಂಪನಿಗಳಿಗೇ ಹೋಗಿವೆ ಎಂದು ಕೇಂದ್ರ ಬ್ಯಾಂಕ್ ಹೇಳಿತು. ಆಗ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆ ವಲೇರಿಯಾ ಗೊಂತಾರೆವಾ. ಹುದ್ದೆ ಬಿಟ್ಟ ಮೇಲೆ, 2019ರಲ್ಲಿ, ಕೀವ್ ಹತ್ತಿರದ ಅವರ ಮನೆ ಬೆಂಕಿಗೆ ಆಹುತಿಯಾಯಿತು.

ಸರ್ಕಾರಿ ಖರೀದಿಯನ್ನು ಪ್ರೊಜೊರ್ರೊ ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದರು. 2016ರಿಂದ ಅದು ಕಡ್ಡಾಯ. ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಬಳಸಿದವರಿಗೆ ಟೆಂಡರಿನ ಈ ಕ್ರಮ ಹೊಸದಲ್ಲ. ಅಲ್ಲಿನ ವಿಶೇಷವೆಂದರೆ ಟೆಂಡರಿನ ಕಾಗದಗಳನ್ನು, ಯಾರು ಎಷ್ಟಕ್ಕೆ ಕೂಗಿದರು ಎಂಬುದನ್ನು ಯಾವ ನಾಗರಿಕ ಬೇಕಾದರೂ ತೆರೆದು ನೋಡಬಹುದು. ಯುದ್ಧ ಶುರುವಾದ ಮೇಲೆ ಕೆಲವನ್ನು ಭದ್ರತೆಗಾಗಿ ಮುಚ್ಚಿಡಬೇಕಾಯಿತು.

ಹತ್ತು ಸಾವಿರಕ್ಕೂ ಜಾಸ್ತಿ ಇದ್ದ ಪುಟ್ಟ ಪಂಚಾಯಿತಿಗಳನ್ನು ಸೇರಿಸಿ ಹ್ರೊಮಾದಾ ಎಂಬ ಸುಮಾರು 1,470 ದೊಡ್ಡ ಸ್ಥಳೀಯ ಸರ್ಕಾರಗಳನ್ನು ಮಾಡಿದರು. ಅಲ್ಲಿ ಕಟ್ಟುವ ಆದಾಯ ತೆರಿಗೆಯ ದೊಡ್ಡ ಪಾಲು ಅಲ್ಲೇ ಉಳಿಯುವಂತೆ ಮಾಡಿದರು. 2022ರಲ್ಲಿ ದಾಳಿ ಬಂದಾಗ ಎಷ್ಟೋ ಕಡೆ ಕೀವ್‌ನಿಂದ ಆದೇಶಕ್ಕೆ ಕಾಯದೆ ಜನರಿಗೆ ಆಶ್ರಯ, ಊಟ, ನೀರು ಒದಗಿಸಿದ್ದು ಈ ಹ್ರೊಮಾದಾಗಳ ಮುಖ್ಯಸ್ಥರೇ.

ಇಷ್ಟೆಲ್ಲ ಆದರೂ ಕೋರ್ಟಿನ ಬಾಕಿ ಹಾಗೇ ಇತ್ತು. ಹಳೆಯ ಪೊಲೀಸು, ಹಳೆಯ ಪ್ರಾಸಿಕ್ಯೂಟರು, ಹಳೆಯ ನ್ಯಾಯಾಧೀಶರನ್ನು ಒಂದೇ ಸಲ ಬದಲಿಸಲು ಆಗುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಹೊಸ ಸರಪಳಿ ಕಟ್ಟಿದರು. ತನಿಖೆಗೆ 2015ರಲ್ಲಿ ನಾಬು, ವಾದ ನಡೆಸಲು ಸಾಪೋ, ತೀರ್ಪು ಕೊಡಲು 2019ರಿಂದ ಭ್ರಷ್ಟಾಚಾರ ವಿರೋಧಿ ಉನ್ನತ ನ್ಯಾಯಾಲಯ. ಈ ಕೋರ್ಟಿನ ನ್ಯಾಯಾಧೀಶರನ್ನು ಆರಿಸುವಾಗ ವಿದೇಶಿ ತಜ್ಞರೂ ಕೂತು ಪರೀಕ್ಷಿಸಿದರು. 2023ರ ಮೇಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯಸ್ಥರನ್ನೇ ಲಂಚದ ಆರೋಪದ ಮೇಲೆ ಹಿಡಿದದ್ದು ಈ ಸರಪಳಿ. ಮೂರು ಕೊಂಡಿಗಳಲ್ಲಿ ಎರಡನ್ನು ಅಧ್ಯಕ್ಷರು ನೇಮಿಸಿದ ಅಧಿಕಾರಿಯ ಕೈಗೆ ಕೊಟ್ಟರೆ ಮೂರನೆಯದು ಇದ್ದೂ ಇಲ್ಲದಂತೆ. 2025ರ ಜುಲೈಯಲ್ಲಿ ಬೀದಿಗಿಳಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯ ಉಳಿಸಿಕೊಂಡ ನಾಬು ಅದೇ ನವೆಂಬರಿನಲ್ಲಿ ಸರ್ಕಾರಿ ಅಣುವಿದ್ಯುತ್ ಕಂಪನಿಯ ಗುತ್ತಿಗೆಗಳಲ್ಲಿ ದೊಡ್ಡ ಲಂಚದ ಜಾಲವಿದೆ ಎಂದು ಪ್ರಕರಣ ಹೊರತಂದಿತು. ಇಬ್ಬರು ಮಂತ್ರಿಗಳು ಹುದ್ದೆ ಬಿಡಬೇಕಾಯಿತು.

## ಕಟ್ಟಿದ್ದು ಕಳಚಲೂಬಹುದು

ಪೋಲೆಂಡ್ ಎಲ್ಲ ಮುಗಿಸಿ ಕೂತಿದೆ ಎಂದೂ ಅಲ್ಲ. 2015ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಸಂವಿಧಾನ ಪೀಠದ ನೇಮಕಗಳನ್ನು ಬದಲಿಸಿತು. ನ್ಯಾಯಾಧೀಶರನ್ನು ಆರಿಸುವ ಮಂಡಳಿಯ ಸದಸ್ಯರಲ್ಲಿ ಹೆಚ್ಚಿನವರನ್ನು ಸಂಸತ್ತೇ ಆರಿಸುವಂತೆ ಮಾಡಿತು. ನ್ಯಾಯಾಧೀಶರನ್ನು ಶಿಕ್ಷಿಸುವ ಹೊಸ ವಿಭಾಗ ತೆರೆಯಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ದಿನಕ್ಕೆ 10 ಲಕ್ಷ ಯೂರೊ ದಂಡ ಹಾಕಿತು. ಒಕ್ಕೂಟದಿಂದ ಬರಬೇಕಿದ್ದ ದೊಡ್ಡ ಮೊತ್ತ ತಡೆಯಲ್ಲಿ ಉಳಿಯಿತು. 2023ರ ಕೊನೆಗೆ ಸರ್ಕಾರ ಬದಲಾದ ಮೇಲೆ, 2024ರಲ್ಲಿ ಆ ಹಣಕ್ಕೆ ದಾರಿ ತೆರೆಯಿತು. ಆದರೆ ಆ ವರ್ಷಗಳಲ್ಲಿ ನೇಮಕಗೊಂಡ ನ್ಯಾಯಾಧೀಶರ ತೀರ್ಪುಗಳು ಮಾನ್ಯವೇ ಎಂಬ ಜಗಳ ಅಷ್ಟು ಸುಲಭಕ್ಕೆ ಬಿಡಿಸುವಂಥದ್ದಲ್ಲ.

ಈ ಅನುಭವದ ಪಾಠ ಒಕ್ಕೂಟದ ನಿಯಮದಲ್ಲೂ ಕಾಣುತ್ತದೆ. ಉಕ್ರೇನಿಗೆ 2022ರ ಜೂನ್‌ನಲ್ಲಿ ಅಭ್ಯರ್ಥಿ ದೇಶದ ಸ್ಥಾನ ಸಿಕ್ಕಿತು, 2024ರ ಜೂನ್‌ನಲ್ಲಿ ಮಾತುಕತೆ ಔಪಚಾರಿಕವಾಗಿ ಶುರುವಾಯಿತು. ಮಾತುಕತೆಯ 35 ಅಧ್ಯಾಯಗಳಲ್ಲಿ ಬಹುತೇಕ ಎಲ್ಲವನ್ನೂ ಈಗ 6 ಗುಂಪು ಮಾಡಿದ್ದಾರೆ. ಕೋರ್ಟು, ಮೂಲಭೂತ ಹಕ್ಕು, ಸರ್ಕಾರಿ ಖರೀದಿ, ಅಂಕಿಅಂಶ, ಹಣಕಾಸಿನ ನಿಗಾ ಇವೆಲ್ಲ ಒಂದು ಗುಂಪಿನಲ್ಲಿವೆ. ಆ ಗುಂಪನ್ನು ಎಲ್ಲಕ್ಕಿಂತ ಮೊದಲು ತೆರೆಯಬೇಕು, ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ಉಳಿದ ಗುಂಪುಗಳಲ್ಲಿ ಎಷ್ಟೇ ಮುಂದೆ ಹೋದರೂ ಇದರಲ್ಲಿ ಹಿಂದೆ ಬಿದ್ದರೆ ಇಡೀ ಮಾತುಕತೆಯೇ ನಿಲ್ಲಬಹುದು.